ಸಾಸಿವೆ ಪೇಸ್ಟಿಗೆ ಬಿಯರ್: ಐಪಿಎ ಹಾಕಿ ಕೈ ಸುಟ್ಕೊಂಡ ಮೇಲೆ

ಐಪಿಎ, ಅಂದ್ರೆ ಇಂಡಿಯಾ ಪೇಲ್ ಏಲ್ ಅನ್ನೋ ಕಹಿ ಜಾಸ್ತಿ ಇರೋ ಬಿಯರ್, ಅದನ್ನ ಹಾಕಿ ರುಬ್ಬಿದ ಸಾಸಿವೆ ಯಾರಾದ್ರೂ ತಿಂದಿದೀರಾ? ನಾನು ತಿಂದಿದೀನಿ, ಅದೂ ಒಂದು ಚಮಚ ಅಲ್ಲ, ಆರು ಜಾಡಿ ಮಾಡಿಟ್ಕೊಂಡು ಕೂತಿದ್ದೆ. ಹೊಸದಾಗಿ ರುಬ್ಬಿದ ಸಾಸಿವೆ ಹೆಂಗೂ ಕಹಿ ಇರತ್ತೆ, ಫ್ರಿಜ್ಜಲ್ಲಿ ಎರಡ್ಮೂರು ವಾರ ಬಿಟ್ರೆ ಇಳಿಯತ್ತೆ ಅಂತ ಎಲ್ರಿಗೂ ಗೊತ್ತು, ಅದೇ ಧೈರ್ಯದಲ್ಲಿ ಕಾದೆ. ಸಾಸಿವೆ ಕಹಿ ಇಳೀತು, ಬಿಯರಿಗೆ ಕಹಿ, ಪರಿಮಳ ಕೊಡೋ ಹಾಪ್ಸ್ ಅನ್ನೋ ಹೂವಿನ ಕಹಿ ಮಾತ್ರ ಕೂತ ಜಾಗ ಬಿಟ್ಟು ಅಲ್ಲಾಡ್ಲಿಲ್ಲ. ಎರಡು ತಿಂಗಳಾದ್ಮೇಲೂ ಅಷ್ಟೇ. ಬೀಜ, ವಿನೆಗರ್, ಜಾಡಿ ಎಲ್ಲಾ ಸೇರಿಸಿದ್ರೂ ಆ ಬಿಯರ್ ರೇಟಿನ ಅರ್ಧ ಆಗಿರ್ಲಿಲ್ಲ, ಪೂರ್ತಿ ಸಿಂಕಿಗೆ ಹೋಯ್ತು.

ಕುಡಿಯೋಕೆ ಚೆನ್ನಾಗಿರೋ ಬಿಯರ್ರೇ ಅಡುಗೆಗೂ ಚೆನ್ನಾಗಿರತ್ತೆ ಅಂತ ಒಂದು ಮಾತಿದೆಯಲ್ಲ, ಅದನ್ನ ನಂಬಿ ಕೆಟ್ಟವನು ನಾನು. ಮನೇಲೇ ಬಿಯರ್ ಮಾಡೋ ಫ್ರೆಂಡ್ ಒಬ್ಬ ಇದಾನೆ, ಐಪಿಎ ಸಜೆಸ್ಟ್ ಮಾಡಿದ್ದೂ ಅವನೇ. ಆಮೇಲೆ ನಾನು ರಾತ್ರಿಯೆಲ್ಲಾ ಮುಚ್ಚಳ ತೆಗೆದಿಟ್ಟು ಗ್ಯಾಸ್ ಹೋದ ಬಿಯರ್ರಲ್ಲೇ ಎಲ್ಲಾ ಮಾಡ್ತೀನಿ ಅಂದಾಗ "ಸತ್ತ ಬಿಯರ್ರಲ್ಲಿ ಏನು ರುಚಿ ಬರತ್ತೋ ಮಾರಾಯ" ಅಂತ ನಕ್ಕಿದ್ದೂ ಅವನೇ.

ಐಪಿಎ ಆದ್ಮೇಲೆ ಇನ್ನೊಂದು ಕಡೆ ಹೋಗಿ ಬಿದ್ದೆ, ತೀರಾ ಲೈಟ್ ಲಾಗರ್ ತಂದೆ. ಕಹಿ ಇಲ್ಲ ಸರಿ, ಆದ್ರೆ ರುಚಿನೂ ಇಲ್ಲ, ವಿನೆಗರ್ ಬಿದ್ದ ತಕ್ಷಣ ಬಿಯರ್ ಹಾಕಿದ್ದೇ ಸುಳ್ಳು ಅನ್ನೋ ಥರ ಆಯ್ತು. ನೀರು ಹಾಕಿದ್ರೂ ಅಷ್ಟೇ ಬರ್ತಿತ್ತು.

ಈಗ ನಾನು ಮಾಡೋದು ಇಷ್ಟು. ಯಾವ ಬಿಯರ್ ತಂದ್ರೂ ಒಂದು ಲೋಟ ಹೊರಗೆ ತೆಗೆದಿಟ್ಟು ತಣ್ಣಗಿರೋದು ಹೋಗಿ ಗ್ಯಾಸೂ ಹೋಗೋವರೆಗೂ ಬಿಡ್ತೀನಿ. ಐಸ್ ಥರ ತಣ್ಣಗಿದ್ದು ಗುಳ್ಳೆ ಬರ್ತಿದ್ರೆ ನಾಲಿಗೆಗೆ ಮೋಸ ಆಗತ್ತೆ, ಬೆಚ್ಚಗೆ ಸಪ್ಪೆ ಆದಾಗ ನಿಜವಾದ ಬಣ್ಣ ಬಯಲು. ಸಾಸಿವೆಗಾದ್ರೆ ಅದಕ್ಕೆ ಸ್ವಲ್ಪ ವಿನೆಗರ್, ಚಿಟಿಕೆ ಉಪ್ಪು ಹಾಕಿ ಕುಡಿದು ನೋಡ್ತೀನಿ. ಜಾಮಿಗಾದ್ರೆ ಸಣ್ಣ ಪಾತ್ರೇಲಿ ಮೂರನೇ ಒಂದು ಭಾಗಕ್ಕೆ ಇಳಿಸಿ, ಆರಿಸಿ ನೆಕ್ಕಿ ನೋಡ್ತೀನಿ. ಕುದಿಸಿದ್ರೆ ಹಾಪ್ಸಿನ ಪರಿಮಳ ಹಾರಿಹೋಗತ್ತೆ, ಕಹಿ ಮಾತ್ರ ಗಟ್ಟಿ ಆಗ್ತಾ ಹೋಗತ್ತೆ, ದುಡ್ಡು ಕೊಟ್ಟಿದ್ದು ಪರಿಮಳಕ್ಕೆ, ಉಳಿಯೋದು ಕಹಿ. ಮುಖ ಸಿಂಡರಿಸ್ಕೊಂಡ್ರೆ ಆ ಬಾಟಲಿ ಕುಡಿಯೋಕೆ. ಲೇಬಲ್ ಮೇಲೆ ಐಬಿಯು, ಅಂದ್ರೆ ಬಿಯರಿನ ಕಹಿ ಅಳತೆ, ಬರೆದಿದ್ರೆ ಇಪ್ಪತ್ತೈದರ ಒಳಗಿರೋದು ನೋಡಿ, ಐಪಿಎಗಳು ನಲವತ್ತು ಅರವತ್ತು ಅಂತ ಹೋಗ್ತವೆ. ನನಗೆ ಸಾಸಿವೆಗೆ ಒಗ್ಗಿದ್ದು ಡಂಕೆಲ್, ಡಾಪೆಲ್‌ಬಾಕ್, ಬ್ರೌನ್ ಏಲ್ ಥರದ ಮಾಲ್ಟ್ ರುಚಿ ಮುಂದಿರೋ ಬಿಯರ್. ಮಾಲ್ಟ್, ಅಂದ್ರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಅದರ ಸಿಹಿ ಸಾಸಿವೆ ಘಾಟನ್ನ ಒಂಥರಾ ಹಿಡಿದು ಕೂರಿಸತ್ತೆ.

ಅಳತೆ ಕೇಳ್ತೀರಾ ಅಂತ ಹೇಳ್ತೀನಿ, ಹಳದಿ ಸಾಸಿವೆ ಎರಡು ಪಾಲು, ಕಂದು ಒಂದು ಪಾಲು, ಮುಳುಗೋ ಅಷ್ಟು ಬಿಯರ್, ಸುಮಾರು ಎರಡು ದಿನ. ಬೀಜ ಊದಿಕೊಂಡು ಎಲ್ಲಾ ಕುಡ್ಕೊಂಡ್ಬಿಡತ್ತೆ, ಮಧ್ಯದಲ್ಲಿ ಇನ್ನೊಂದು ಸಲ ಸುರೀಬೇಕು. ಒಂದ್ಸಲ ಅರ್ಜೆಂಟಲ್ಲಿ ಬಿಯರ್ ಕುದಿಸಿ ಬಿಸಿಬಿಸೀನೇ ಸುರಿದೆ, ಬೇಗ ನೆನೆಯತ್ತೆ ಅಂತ. ನೆನೀತು, ಆದ್ರೆ ಘಾಟೇ ಹುಟ್ಲಿಲ್ಲ, ಹಳದಿ ಗಂಜಿ ಥರ ಇತ್ತು. ವಿನೆಗರ್ ರುಬ್ಬಿದ ಮೇಲೆ, ಒಂದು ಹತ್ತು ನಿಮಿಷ ಬಿಟ್ಟು ಹಾಕ್ತೀನಿ, ಅಷ್ಟರಲ್ಲಿ ಖಾರ ಏರಿರತ್ತೆ. ರುಬ್ಬೋಕೆ ಮುಂಚೆ ಇನ್ನೊಂದು ಐಟಂ ಬೀಳತ್ತೆ, ಅದು ಮಾತ್ರ ಹೇಳಲ್ಲ, ಬೇಜಾರು ಮಾಡ್ಕೋಬೇಡಿ.

ಬಿಯರ್ ಹುಳಿ ಇದೆಯಲ್ಲ ಅಂತ ವಿನೆಗರ್ ಕಡಿಮೆ ಮಾಡೋಕೆ ಹೋಗ್ಬೇಡಿ. ಮಾಮೂಲಿ ಬಿಯರ್ ಪಿಎಚ್ ಸಾಮಾನ್ಯವಾಗಿ ನಾಲ್ಕರ ಮೇಲೇ ಇರತ್ತೆ (ಪಿಎಚ್ ಕಡಿಮೆ ಇದ್ದಷ್ಟೂ ಹುಳಿ ಜಾಸ್ತಿ), ಕೆಡದ ಹಾಗೆ ವಿನೆಗರ್ ಮಾಡೋ ಕೆಲಸ ಅದರ ಕೈಲಾಗಲ್ಲ. ನಾನು ರುಚಿ ಜಾಸ್ತಿ ಬರ್ಲಿ ಅಂತ ವಿನೆಗರ್ ಅರ್ಧಕ್ಕರ್ಧ ಕಡಿಮೆ ಮಾಡಿ ಜಾಡಿ ಹೊರಗಿಟ್ಟಿದ್ದೆ, ವಾರದಲ್ಲಿ ಮುಚ್ಚಳ ಉಬ್ಬಿತ್ತು. ರುಚಿ ಕೂಡ ನೋಡ್ದೆ ಎಸೆದೆ. ಈಗ ಬಿಯರ್ ಸಾಸಿವೆ ಎಲ್ಲಾ ಫ್ರಿಜ್ಜಲ್ಲೇ.

ಜಾಮಿನ ಕಥೆ ಬೇರೆ. ಈರುಳ್ಳಿ ಜಾಮಿಗೆ ಮೊದಲು ಸ್ಟೌಟ್, ಅಂದ್ರೆ ಹುರಿದ ಬಾರ್ಲಿಯ ಕಪ್ಪು ಬಿಯರ್, ಹಾಕಿದ್ದೆ, ಕಪ್ಪಗೆ ಹೊಳೀತಾ ಫೋಟೋಗೆ ಸೂಪರ್, ಬಾಯಿಗೆ ಸುಟ್ಟ ಕಾಫಿ. ಈರುಳ್ಳಿ ಕೆಂಪಗಾಗೋವಾಗಲೇ ಒಂದು ಸುಟ್ಟ ರುಚಿ ಬಂದಿರತ್ತೆ, ಅದರ ಮೇಲೆ ಹುರಿದ ಬಾರ್ಲಿದು ಬೇರೆ. ಪೋರ್ಟರ್ ಅನ್ನೋ ಇನ್ನೊಂದು ಕಪ್ಪು ಬಿಯರಿಗೆ ಇಳಿದ್ಮೇಲೆ, ಅದೂ ಸಿಹಿ ಕಡೆ ವಾಲಿರೋ ಪೋರ್ಟರ್, ಸರಿ ಹೋಯ್ತು. ಬಿಯರ್ ಜೆಲ್ಲಿ ಮಾಡೋಕೆ ಹೋದಾಗ ಗ್ಯಾಸ್ ಬಿಡಿಸೋದು ಮರೆತು ಸಕ್ಕರೆ ಸುರಿದೆ ನೋಡಿ, ನೊರೆ ಎದ್ದು ಪಾತ್ರೆ ದಾಟಿ ಸ್ಟೌವೆಲ್ಲಾ ಪಾಕ, ಕೆರೆದು ತೆಗೆಯೋಕೆ ಎರಡು ದಿನ. ಸತ್ತ ಬಿಯರ್ ಅಂತ ನಗೋರು ಆ ಸ್ಟೌವ್ ನೋಡ್ಬೇಕಿತ್ತು. ಈಗ ಹಿಂದಿನ ರಾತ್ರೀನೇ ಬಗ್ಗಿಸಿಡ್ತೀನಿ, ಪಾತ್ರೆ ಬೇಕಾಗಿದ್ದಕ್ಕಿಂತ ಮೂರು ಪಟ್ಟು ದೊಡ್ಡದು, ಜಾಮ್ ಥರಾನೇ 104, 105 ಡಿಗ್ರಿಗೆ ಬಂದಾಗ ಒಲೆಯಿಂದ ಇಳಿಸ್ತೀನಿ.

ಮಧ್ಯೆ ಮಧ್ಯೆ ಹುಚ್ಚಾಟನೂ ನಡೀತು. ಚೆರ್ರಿ ಹಾಕಿದ ಬೆಲ್ಜಿಯಂ ಹುಳಿ ಬಿಯರ್, ಕ್ರೀಕ್ ಅಂತಾರಲ್ಲ, ಅದ್ರಲ್ಲಿ ಮಾಡಿದ ಸಾಸಿವೆ ಅದ್ಭುತ, ಆದ್ರೆ ಒಂದು ಜಾಡಿಗೆ ಅಷ್ಟು ದುಡ್ಡು ಸುರಿಯೋಕೆ ಮನಸ್ಸು ಬರಲ್ಲ. ಹಸಿರು ಬಾಟಲಿ ಒಂದು ಕಿಟಕಿ ಹತ್ರ ಬಿಸಿಲಲ್ಲಿ ಉಳಿದಿತ್ತು, ಬೆಳಕು ಬಿದ್ದು ಕೆಟ್ಟ ವಾಸನೆ ಬಂದಿತ್ತು, ಸಾಸಿವೆ ಘಾಟಲ್ಲಿ ಮುಚ್ಚಿ ಹೋಗತ್ತೆ ಅಂದ್ಕೊಂಡೆ, ಹೋಗ್ಲಿಲ್ಲ. ಆಲ್ಕೋಹಾಲ್ ಇಲ್ಲದ ಬಿಯರ್ ಕುಡಿಯೋಕೆ ನನಗಾಗಲ್ಲ, ಆದ್ರೆ ಅದರ ಆ ಮಾಲ್ಟ್ ಸಿಹಿ ಈರುಳ್ಳಿ ಜಾಮಿಗೆ ಎಷ್ಟು ಚೆನ್ನಾಗಿ ಕೂರತ್ತೆ ಅಂದ್ರೆ, ಯಾರಿಗೂ ಹೇಳ್ದೆ ಎರಡು ಬ್ಯಾಚ್ ಹಂಚಿದೀನಿ.

ನಕ್ಕಿದ್ದ ಫ್ರೆಂಡ್ ಈಗ ತನ್ನ ಕೆಗ್ (ಬಿಯರ್ ಪೀಪಾಯಿ) ತಳದಲ್ಲಿ ಉಳಿದಿದ್ದನ್ನ ಕ್ಯಾನಲ್ಲಿ ತುಂಬಿ ನನಗೇ ತಂದು ಕೊಡ್ತಾನೆ, ಬದಲಿಗೆ ಎರಡು ಜಾಡಿ ಒಯ್ತಾನೆ. ಹೋದ ಸಲ ತಂದಿದ್ದು ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ಹಾಕಿದ ವಿಟ್‌ಬಿಯರ್. ಮೊನ್ನೆ ರಾತ್ರಿಯಿಂದ ಬೀಜ ಅದ್ರಲ್ಲೇ ನೆನೀತಿದೆ, ನಾಳೆ ರುಬ್ಬಬೇಕು.