ಬೀದಿದೀಪದ ವಿದ್ಯುತ್ ಉಳಿಸುವುದು ಹೇಗೆ: ಮೊದಲು ಎಣಿಸಿ, ಆಮೇಲೆ ಬದಲಿಸಿ

ಬೀದಿದೀಪಗಳ ವಿದ್ಯುತ್ ಬಿಲ್ ಇಳಿಸಲು ಹೊರಡುವ ನಗರಸಭೆಗಳು ಸಾಮಾನ್ಯವಾಗಿ ಎಲ್‌ಇಡಿ ಟೆಂಡರ್‌ನಿಂದ ಕೆಲಸ ಆರಂಭಿಸುತ್ತವೆ. ಅದಕ್ಕೂ ಮೊದಲು ಆಗಬೇಕಾದದ್ದು ಎಣಿಕೆ. ಒಂದು ಗುಂಪಿನ ದೀಪಗಳಿಗೆ ವಿದ್ಯುತ್ ಹಾಯಿಸಿ ನಿಲ್ಲಿಸುವ ಒಂದೊಂದು ಕಂಟ್ರೋಲ್ ಬಾಕ್ಸ್‌ಗೆ ಎಷ್ಟು ಕಂಬಗಳು ಸೇರಿವೆ, ಯಾವ ದೀಪ ಎಷ್ಟು ವಾಟ್‌ನದು, ಕಂಬದಿಂದ ಕಂಬಕ್ಕೆ ಎಷ್ಟು ಅಂತರ, ರಸ್ತೆ ಎಷ್ಟು ಅಗಲ ಎಂಬುದನ್ನು ಬೀದಿಯಲ್ಲೇ ನಿಂತು ಬರೆದುಕೊಳ್ಳಬೇಕು.

ಬಳಿಕ ಮೀಟರ್ ಓದಿ. ಒಂದು ಬಾಕ್ಸ್‌ನಲ್ಲಿ 150 ವಾಟ್‌ನ 40 ಸೋಡಿಯಂ ದೀಪಗಳಿವೆ ಎನ್ನೋಣ. ಕರೆಂಟನ್ನು ಹದದಲ್ಲಿಡುವ ಚೋಕ್ ಪ್ರತಿ ದೀಪಕ್ಕೂ ತಿನ್ನುವ ಸುಮಾರು 20 ವಾಟ್ ಸೇರಿಸಿದರೆ ಒಟ್ಟು 6.8 ಕಿಲೋವಾಟ್, 12 ಗಂಟೆ ಉರಿದರೆ 81.6 ಯೂನಿಟ್. ಇಂದು ಮಧ್ಯಾಹ್ನದಿಂದ ನಾಳೆ ಮಧ್ಯಾಹ್ನದವರೆಗೆ ಮೀಟರ್ 95 ಯೂನಿಟ್ ಓಡಿದ್ದರೆ, ದೀಪಗಳು ಹಗಲಲ್ಲೂ ಉರಿಯುತ್ತಿವೆ, ಇಲ್ಲವೇ ಆ ತಂತಿಯಿಂದ ಬೇರೆ ಯಾರೋ ವಿದ್ಯುತ್ ಎಳೆದುಕೊಂಡಿದ್ದಾರೆ ಎಂದು ಶಂಕಿಸಲು ಕಾರಣವಿದೆ. ಇದನ್ನು ಹುಡುಕಲು ಹೊಸ ದೀಪವೊಂದೂ ಬೇಕಿಲ್ಲ.

ಹಗಲಲ್ಲಿ ಉರಿಯುವುದಕ್ಕೆ ಕಾರಣ ಹಲವು ಸಲ ಬಾಕ್ಸ್‌ನೊಳಗಿನ ಟೈಮರ್. ಬ್ಯಾಟರಿ ಇಲ್ಲದ ಹಳೆಯ ಟೈಮರ್‌ನ ಮುಳ್ಳು ಕರೆಂಟ್ ಹೋದಾಗಲೆಲ್ಲ ನಿಂತುಬಿಡುತ್ತದೆ. ದಿನಕ್ಕೆ ಅರ್ಧ ಗಂಟೆ ಕಡಿತವಾದರೆ ನಾಲ್ಕು ದಿನಕ್ಕೆ ಅದು ಎರಡು ಗಂಟೆ ಹಿಂದೆ ಬಿದ್ದಿರುತ್ತದೆ. ಆಗ ಸಂಜೆ ಏಳಕ್ಕೆ ಬೀದಿ ಕತ್ತಲು, ಬೆಳಿಗ್ಗೆ ಎಂಟಕ್ಕೆ ದೀಪ. ಊರಿನ ಅಕ್ಷಾಂಶ, ರೇಖಾಂಶ ನಮೂದಿಸಿದರೆ ದಿನದಿನದ ಸೂರ್ಯಾಸ್ತ, ಸೂರ್ಯೋದಯಗಳನ್ನು ತಾನೇ ಲೆಕ್ಕಹಾಕುವ ಟೈಮರ್‌ಗಳು ಈಗ ದೊರೆಯುತ್ತವೆ. ಬೆಂಗಳೂರಿನಲ್ಲೇ ನವೆಂಬರ್ ಮತ್ತು ಜುಲೈ ತಿಂಗಳ ಸೂರ್ಯಾಸ್ತಗಳ ನಡುವೆ ಸುಮಾರು ಒಂದು ಗಂಟೆಯ ಅಂತರವಿರುವುದರಿಂದ, ವರ್ಷವಿಡೀ ಒಂದೇ ವೇಳೆಗೆ ಸ್ವಿಚ್ ಹಾಕುವುದು ಸರಿಯಲ್ಲ.

ಮೂರನೆಯ ಹಂತದಲ್ಲಿ, ಆ ರಸ್ತೆಗೆ ಎಷ್ಟು ಬೆಳಕು ಬೇಕೆಂಬುದನ್ನು ನಿರ್ಧರಿಸಬೇಕು. ನೆಲದ ಮೇಲೆ ಬೀಳುವ ಬೆಳಕಿನ ಅಳತೆ ಲಕ್ಸ್. ಭಾರತೀಯ ಮಾನಕ ಐಎಸ್ 1944ರ ಪ್ರಕಾರ ವೇಗದ ದಟ್ಟ ಸಂಚಾರವಿರುವ ಪ್ರಮುಖ ರಸ್ತೆಗೆ ಸರಾಸರಿ 30 ಲಕ್ಸ್, ಇತರ ಮುಖ್ಯರಸ್ತೆಗೆ 15, ಹೆಚ್ಚು ಸಂಚಾರವಿರುವ ಒಳರಸ್ತೆಗೆ 8, ಉಳಿದವಕ್ಕೆ 4 ಲಕ್ಸ್ ಸಾಕು. ಎರಡು ಕಂಬಗಳ ನಡುವೆ ನೆಲದ ಮೇಲೆ ಚೌಕಗಳನ್ನು ಗುರುತಿಸಿ, ಪ್ರತಿ ಚೌಕದಲ್ಲೂ ಲಕ್ಸ್ ಮೀಟರ್ ಇಟ್ಟು ಅಳೆಯಿರಿ. ಕಂಬದ ಬುಡದಲ್ಲಿ 40, ನಡುವೆ 2 ಬಂದರೆ ಕೊರತೆ ಇರುವುದು ವಾಟ್‌ನಲ್ಲಲ್ಲ, ಬೆಳಕಿನ ಹಂಚಿಕೆಯಲ್ಲಿ. ಕೆಲವೊಮ್ಮೆ ಅಡ್ಡಬಂದ ಹೊಂಗೆಯ ಕೊಂಬೆಯನ್ನು ಸವರಿದರೇ ಸಾಕಾಗುತ್ತದೆ.

ದೀಪ ಬದಲಿಸುವ ಸರದಿ ಈಗ. ಸೋಡಿಯಂ ದೀಪ ದಕ್ಷತೆಯಲ್ಲಿ ನಿಜಕ್ಕೂ ಕಳಪೆಯಲ್ಲ, 150 ವಾಟ್‌ನದು ವಾಟ್‌ಗೆ ಸುಮಾರು 100 ಲ್ಯೂಮೆನ್ (ದೀಪ ಹೊಮ್ಮಿಸುವ ಒಟ್ಟು ಬೆಳಕಿನ ಅಳತೆ) ಕೊಡುತ್ತದೆ. ಆದರೆ ಅದು ಎಲ್ಲ ದಿಕ್ಕಿಗೂ ಚೆಲ್ಲುವ ಬೆಳಕಿನಲ್ಲಿ ಒಂದು ಪಾಲು ಫಿಟ್ಟಿಂಗ್‌ನೊಳಗೇ ನಷ್ಟವಾಗುತ್ತದೆ. ಎಲ್‌ಇಡಿ ಲೆನ್ಸ್ ಬೆಳಕನ್ನು ರಸ್ತೆಗೇ ಕಳುಹಿಸುವುದರಿಂದ ಅನೇಕ ಕಡೆ 70ರಿಂದ 90 ವಾಟ್ ಸಾಕು. ಖರೀದಿಸುವಾಗ ಇಡೀ ಫಿಟ್ಟಿಂಗ್‌ನ ಲ್ಯೂಮೆನ್ ಲೆಕ್ಕ, ವೋಲ್ಟೇಜ್ ಒಮ್ಮೆಲೇ ಜಿಗಿದಾಗ ಕಾಪಾಡುವ 10 ಕಿಲೋವೋಲ್ಟ್ ಸರ್ಜ್ ರಕ್ಷಣೆ, ನೀರು ಮತ್ತು ದೂಳು ತಡೆಯುವ ಐಪಿ66 ದರ್ಜೆ ಕೇಳಿ. ಕಣ್ಣಿಗೆ ಕುಕ್ಕುವ ನೀಲಿಬಿಳುಪಿನ ಬದಲು 4000 ಕೆಲ್ವಿನ್ ಆಸುಪಾಸಿನ ಬಣ್ಣ ಆರಿಸಿಕೊಳ್ಳಿ.

ನಡುರಾತ್ರಿಯ ಬಳಿಕ ಒಂದು ಬಿಟ್ಟು ಒಂದು ಕಂಬದ ದೀಪ ಆರಿಸುವ ರೂಢಿಯನ್ನು ಕೈಬಿಡಲೇಬೇಕು. ಅದರಿಂದ ಬೀಳುವ ಕತ್ತಲ ತುಂಡುಗಳಲ್ಲೇ ಪಾಳಿ ಮುಗಿಸಿ ಬರುವ ಹೆಣ್ಣುಮಕ್ಕಳು ನಡೆಯಬೇಕಾಗುತ್ತದೆ, ಸ್ಕೂಟರ್ ಸವಾರರಿಗೆ ಗುಂಡಿ ಕಾಣುವುದಿಲ್ಲ. ಎಲ್ಲ ದೀಪಗಳನ್ನೂ ಸಮನಾಗಿ ಮಂದಗೊಳಿಸುವುದು ಎಷ್ಟೋ ಮೇಲು: 12 ಗಂಟೆಯಲ್ಲಿ 6 ಗಂಟೆ ಅರ್ಧ ಶಕ್ತಿಯಲ್ಲಿ ಉರಿಸಿದರೆ ಕಾಲುಭಾಗ ವಿದ್ಯುತ್ ಉಳಿಯುತ್ತದೆ. ವೃತ್ತಗಳು, ಬಸ್ ನಿಲ್ದಾಣಗಳು, ಆಸ್ಪತ್ರೆಯ ಮುಂಭಾಗಗಳಿಗೆ ಮಾತ್ರ ಇದು ಬೇಡ.

2015ರ ಜನವರಿಯಲ್ಲಿ ಆರಂಭವಾದ ರಾಷ್ಟ್ರೀಯ ಬೀದಿದೀಪ ಕಾರ್ಯಕ್ರಮದಂತೆ, ಬಂಡವಾಳವನ್ನು ಬೇರೊಂದು ಸಂಸ್ಥೆ ಹೂಡಿ ಉಳಿತಾಯದ ಹಣದಲ್ಲಿ ಅದನ್ನು ತೀರಿಸುವ ಒಪ್ಪಂದಗಳೂ ಇವೆ. ಅಲ್ಲಿ ಹಳೆಯ ಬಳಕೆಯ ಲೆಕ್ಕವೇ ಪಾವತಿಗೆ ಆಧಾರವಾಗುವುದರಿಂದ, ಆರಂಭದಲ್ಲಿ ಬರೆದಿಟ್ಟ ಎಣಿಕೆ ಮತ್ತು ಮೀಟರ್ ಓದುಗಳಿಗೆ ಎರಡೂ ಕಡೆಯವರ ಸಹಿ ಇರಲಿ. ಮೊದಲು ಒಂದೇ ಬಾಕ್ಸ್‌ನ ದೀಪಗಳನ್ನು ಬದಲಿಸಿ, ಏಳು ದಿನ ಅದೇ ವೇಳೆಗೆ ಮೀಟರ್ ಓದಿ, ಲಕ್ಸ್ ಮತ್ತೊಮ್ಮೆ ಅಳೆದು, ಎರಡೂ ಸರಿಬಂದ ಮೇಲೆ ಮುಂದಿನ ಬೀದಿಗೆ ಹೋಗಿ.