ಕಾಫಿ ತೊಟ್ಟಿಯಲ್ಲಿ ಉಸಿರು ಕಲಿತು ಅಂಡಮಾನಿನ ಹವಳ ನೋಡಿದ್ದು

ನನಗೆ ಈಜು ಬರುವುದಿಲ್ಲ. ಸಕಲೇಶಪುರದ ಹತ್ತಿರ ತೋಟದ ಮನೆಯಲ್ಲಿ ಬೆಳೆದವಳು ನಾನು. ನನಗೆ ಗೊತ್ತಿದ್ದ ದೊಡ್ಡ ನೀರು ಎಂದರೆ ಮಳೆಗಾಲದ ಹೇಮಾವತಿ. ಆ ಕೆಂಪು ನೀರಿನ ಹತ್ತಿರ ಸುಳಿಯಬೇಡ ಎಂದು ಹೇಳಿ ಹೇಳಿಯೇ ನಮ್ಮನ್ನು ಬೆಳೆಸಿದರು. ಹಾಗಾಗಿ ಮಗಳು ಅಂಡಮಾನಿಗೆ ಹೋಗೋಣ, ಸ್ನಾರ್ಕ್ಲಿಂಗ್ ಮಾಡೋಣ ಎಂದಾಗ ನಾನು ದಡದಲ್ಲೇ ಕೂರ್ತೀನಿ ಎಂದಿದ್ದೆ. ಕೊನೆಗೆ ನೀರಿಗೆ ಇಳಿದೆ. ಒಂದು ಸಲ ಅಲ್ಲ, ಎರಡು ಸಲ. ಅದು ಹೇಗಾಯಿತು ಎಂದು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಹಾಗೆ ನೀರಿಗೆ ಹೆದರುವವರು ನಮ್ಮ ಕಡೆ ಬಹಳ ಜನ ಇದ್ದಾರೆ, ಅಲ್ವಾ?

ಮೊದಲು ಒಂದು ವಿಷಯ. ಸ್ನಾರ್ಕ್ಲಿಂಗ್‌ನಲ್ಲಿ ಮುಳುಗುವ ಕೆಲಸ ಇಲ್ಲ. ನೀರಿನ ಮೇಲೆ ಬೋರಲು ಮಲಗುವುದು, ಮುಖ ಮಾತ್ರ ಒಳಗೆ. ಲೈಫ್ ಜಾಕೆಟ್ ತೇಲಿಸುತ್ತದೆ, ಕನ್ನಡಕದಂಥ ಮಾಸ್ಕ್‌ನಲ್ಲಿ ಕಣ್ಣು ಕಾಣುತ್ತದೆ, ಬಾಯಲ್ಲಿ ಕಚ್ಚಿದ ಕೊಳವೆಯಲ್ಲಿ ಉಸಿರಾಟ. ಕಷ್ಟ ಇರುವುದು ಈ ಉಸಿರಿನಲ್ಲೇ. ಮಾಸ್ಕ್ ಮೂಗನ್ನೂ ಮುಚ್ಚಿರುತ್ತದೆ. ಬರೀ ಬಾಯಲ್ಲಿ ಉಸಿರಾಡಬೇಕು. ಮುಖಕ್ಕೆ ನೀರು ತಾಗಿದ ತಕ್ಷಣ ಮೈ ತಾನಾಗಿಯೇ ಉಸಿರು ಬಿಗಿಹಿಡಿಯುತ್ತದೆ. ಇದನ್ನು ಸಮುದ್ರದ ಮಧ್ಯೆ, ಗೈಡ್ ಅವಸರ ಮಾಡುವಾಗ ಕಲಿಯುವುದು ಬೇಡ. ಮನೆಯಲ್ಲೇ ಕಲಿಯಬಹುದು.

ನಾನು ಕಲಿತದ್ದು ಪಲ್ಪರ್, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರದ ಪಕ್ಕದ ತೊಟ್ಟಿಯಲ್ಲಿ. ಅರೇಬಿಕಾ ಕೊಯ್ಲು ಜನವರಿಯಲ್ಲಿ ಮುಗಿದಿತ್ತು. ಕಾಫಿ ತೊಳೆಯುವ ಸಿಮೆಂಟ್ ತೊಟ್ಟಿಯನ್ನು ಉಜ್ಜಿ ತೊಳೆದು, ಸೊಂಟದ ಮಟ್ಟಕ್ಕೆ ನೀರು ತುಂಬಿಸಿದೆವು. ಯಜಮಾನರು ಪಕ್ಕದಲ್ಲೇ ನಿಂತಿರುತ್ತಿದ್ದರು. ಎಷ್ಟೇ ಕಡಿಮೆ ನೀರಿದ್ದರೂ ಒಬ್ಬರೇ ಮಾಡಬಾರದು. ಮೊದಲ ದಿನ ಹತ್ತು ಎಣಿಸುವಷ್ಟು ಹೊತ್ತೂ ಮುಖ ಒಳಗಿಡಲು ಆಗಲಿಲ್ಲ. ಎದೆ ಹೊಡೆದುಕೊಳ್ಳುತ್ತಿತ್ತು. ನಾನು ಉಸಿರು ಎಳೆದುಕೊಳ್ಳುತ್ತಲೇ ಇದ್ದೆ, ಪೂರ್ತಿ ಬಿಡುತ್ತಿರಲಿಲ್ಲ. ತಪ್ಪು ಇದ್ದದ್ದು ಅಲ್ಲೇ. ಕೊಳವೆಯ ಒಳಗೆ ನಾವೇ ಬಿಟ್ಟ ಹಳೆಯ ಗಾಳಿ ನಿಂತಿರುತ್ತದೆ. ಚಿಕ್ಕ ಚಿಕ್ಕ ಉಸಿರು ತೆಗೆದುಕೊಂಡರೆ ಅದೇ ಗಾಳಿ ಮತ್ತೆ ಒಳಗೆ ಬರುತ್ತದೆ. ಉಸಿರು ಸಾಲದ ಹಾಗಾಗುತ್ತದೆ, ಗಾಬರಿ ಏರುತ್ತದೆ. ನಿಧಾನವಾಗಿ, ಉದ್ದಕ್ಕೆ, ಪೂರ್ತಿ ಹೊರಗೆ ಬಿಡಬೇಕು. ಆಮೇಲೆ ಎಳೆದುಕೊಳ್ಳುವುದು ತಾನಾಗಿಯೇ ಆಗುತ್ತದೆ.

ಮೂರನೇ ದಿನ ಕೊಳವೆಗೆ ಬೇಕೆಂದೇ ನೀರು ತುಂಬಿಸಿಕೊಂಡು ಊದುವುದನ್ನು ಕಲಿತೆ. ಸೌದೆ ಒಲೆ ಊದಿದವರಿಗೆ ಇದು ಸುಲಭ. ಊದುಗೊಳವೆಯಲ್ಲಿ ಕೆಂಡಕ್ಕೆ ಊದುತ್ತೇವಲ್ಲ, ಹಾಗೇ ಒಂದೇ ಸಲಕ್ಕೆ ಜೋರಾಗಿ. ನೀರು ಚಿಮ್ಮಿ ಹೊರಗೆ ಹೋಗುತ್ತದೆ. ಊದಿದ ಮೇಲಿನ ಮೊದಲ ಉಸಿರನ್ನು ಮೆಲ್ಲಗೆ ಎಳೆದುಕೊಳ್ಳಬೇಕು, ಒಂದೆರಡು ಹನಿ ಉಳಿದಿರಬಹುದು. ಮಾಸ್ಕ್ ಒಳಗೆ ನೀರು ಬಂದರೆ ಮೇಲಿನ ಅಂಚನ್ನು ಹಣೆಗೆ ಒತ್ತಿ ಹಿಡಿದು, ಮುಖ ಸ್ವಲ್ಪ ಮೇಲೆತ್ತಿ, ಮೂಗಿನಿಂದ ಉಸಿರು ಬಿಡಬೇಕು. ನೀರು ಕೆಳಗಿನಿಂದ ಹೋಗುತ್ತದೆ. ಒಂದು ವಾರ, ದಿನಕ್ಕೆ ಕಾಲು ಗಂಟೆ. ಅಷ್ಟೇ ನನ್ನ ಪಾಠ.

ಮಾಸ್ಕ್ ಸ್ವಂತದ್ದೇ ಕೊಂಡಿದ್ದೆ. ನನ್ನ ಕಣ್ಣಿನ ಪವರ್ ಮೈನಸ್ ನಾಲ್ಕು, ಕನ್ನಡಕದ ಮೇಲೆ ಮಾಸ್ಕ್ ಕೂರುವುದಿಲ್ಲ. ಪವರ್ ಇರುವ ಗಾಜಿನ ಮಾಸ್ಕ್ ಬೆಂಗಳೂರಿನಲ್ಲಿ ಸಿಕ್ಕಿತು. ಕೊಳ್ಳುವಾಗ ಪಟ್ಟಿ ಹಾಕಿಕೊಳ್ಳದೆ ಸುಮ್ನೆ ಮುಖಕ್ಕೆ ಒತ್ತಿ ಮೂಗಿನಲ್ಲಿ ಉಸಿರು ಎಳೆಯಬೇಕು. ಕೈ ಬಿಟ್ಟರೂ ಅಂಟಿಕೊಂಡಿದ್ದರೆ ಅದು ನಮ್ಮ ಮುಖದ ಅಳತೆಯದು. ಹೊಸ ಮಾಸ್ಕ್‌ನ ಗಾಜಿಗೆ ಒಂದು ಜಿಡ್ಡಿನ ಪದರ ಇರುತ್ತದೆ, ಬೇಗ ಮಂಜು ಕಟ್ಟುತ್ತದೆ. ಬಿಳಿ ಟೂತ್‌ಪೇಸ್ಟ್ ಹಚ್ಚಿ ಉಜ್ಜಿದ ಮೇಲೆ ಸರಿಯಾಯಿತು. ಮೀಸೆ ಇರುವ ಗಂಡಸರಿಗೆ ಮೂಗಿನ ಕೆಳಗೆ ನೀರು ಸೋರುತ್ತದೆ. ಯಜಮಾನರು ಮೂಗಿಗೆ ತಾಗುವ ಕಡೆ ಮೀಸೆ ಸಣ್ಣಗೆ ಕತ್ತರಿಸಿಕೊಂಡರು.

ಹೋದದ್ದು ಫೆಬ್ರವರಿಯಲ್ಲಿ. ಕೊಯ್ಲು ಮುಗಿದು, ರೊಬಸ್ಟಾ ಕಾಫಿ ಗಿಡಗಳಿಗೆ ಸ್ಪ್ರಿಂಕ್ಲರ್ ಇಡುವ ಮುಂಚೆ ಸಿಗುವ ಬಿಡುವು ಅಷ್ಟೇ ನಮಗೆ. ಅದೃಷ್ಟಕ್ಕೆ ಅಲ್ಲಿಯ ಸಮುದ್ರ ಶಾಂತವಾಗಿ, ನೀರು ತಿಳಿಯಾಗಿ ಇರುವ ಕಾಲವೂ ಅದೇ. ಬೆಂಗಳೂರಿನಿಂದ ಪೋರ್ಟ್ ಬ್ಲೇರ್‌ಗೆ ವಿಮಾನ. 2024ರಿಂದ ಅದರ ಹೆಸರು ಶ್ರೀ ವಿಜಯಪುರಂ. ಅಲ್ಲಿಂದ ಹಡಗಿನಲ್ಲಿ ಹ್ಯಾವ್‌ಲಾಕ್. ಅದಕ್ಕೂ 2018ರಲ್ಲಿ ಸ್ವರಾಜ್ ದ್ವೀಪ ಎಂದು ಹೆಸರಿಟ್ಟಿದ್ದಾರೆ, ಆದರೆ ಎಲ್ಲರ ಬಾಯಲ್ಲೂ ಹಳೆಯ ಹೆಸರೇ. ಗಡಿಯಾರ ನಮ್ಮದೇ, ಸೂರ್ಯ ಮಾತ್ರ ಬೇಗ. ಸಂಜೆ ಐದೂವರೆಗೆಲ್ಲಾ ಮುಳುಗುತ್ತಾನೆ. ಹಾಗಾಗಿ ಬೋಟುಗಳು ಬೆಳಿಗ್ಗೆ ಬೇಗ ಹೊರಡುತ್ತವೆ.

ನಾವು ಆರಿಸಿಕೊಂಡದ್ದು ಎಲಿಫೆಂಟ್ ಬೀಚಿಗೆ ಅರ್ಧ ದಿನದ ಬೋಟ್. ಜೆಟ್ಟಿಯಿಂದ ಅರ್ಧ ಗಂಟೆಯೊಳಗಿನ ದಾರಿ. ಶಿರಾಡಿ ಘಾಟಿ ಇಳಿದರೆ ನನಗೆ ವಾಂತಿ ಗ್ಯಾರಂಟಿ, ಆದ್ದರಿಂದ ಡಾಕ್ಟರನ್ನು ಕೇಳಿ ಒಂದು ಗಂಟೆ ಮೊದಲೇ ಮಾತ್ರೆ ನುಂಗಿದ್ದೆ. ಎರಡೇ ಇಡ್ಲಿ ತಿಂದೆ. ಬೋಟಿನ ಹಿಂಭಾಗದಲ್ಲಿ ಕೂತೆ, ಅಲ್ಲಿ ಕುಲುಕಾಟ ಕಡಿಮೆ. ಮೊಬೈಲ್ ಮುಟ್ಟಲಿಲ್ಲ, ದೂರದಲ್ಲಿ ಆಕಾಶ ನೀರಿಗೆ ಸೇರುವ ಗೆರೆಯನ್ನೇ ನೋಡುತ್ತಿದ್ದೆ. ಏನೂ ಆಗಲಿಲ್ಲ. ಬಿಪಿ, ಹೃದಯದ ತೊಂದರೆ ಇರುವವರು ಹೊರಡುವ ಮುಂಚೆಯೇ ಡಾಕ್ಟರನ್ನು ಕೇಳಿಕೊಳ್ಳಿ. ಅಂಡಮಾನಿನಲ್ಲಿ ಉಪ್ಪುನೀರಿನ ಮೊಸಳೆಗಳೂ ಇವೆ. ಸ್ಥಳೀಯರು ಇಳಿಯಬೇಡಿ ಎಂದ ಕಡೆ, ಅದರಲ್ಲೂ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಹಿನ್ನೀರಿನಲ್ಲಿ, ಇಳಿಯಲೇಬಾರದು.

ದಡದಲ್ಲಿ ದೊಡ್ಡ ದೊಡ್ಡ ಒಣಮರಗಳು ಬೇರು ಸಮೇತ ಬಿದ್ದಿದ್ದವು. 2004ರ ಸುನಾಮಿಗೆ ಸಿಕ್ಕ ಮರಗಳು ಎಂದು ಬೋಟಿನವರು ತೋರಿಸಿದರು.

ನೀರಿಗೆ ಇಳಿದೆ. ಎದೆಮಟ್ಟದವರೆಗೆ ನಡೆದು, ಗೈಡ್ ಹಿಡಿದ ತೇಲುವ ರಿಂಗಿಗೆ ಕೈ ಹಾಕಿ ಬೋರಲಾದೆ. ಕ್ಷಣದಲ್ಲೇ ಮಾಸ್ಕ್ ಒಳಗೆ ನೀರು. ಕಣ್ಣು ಉರಿ, ಬಾಯಲ್ಲಿ ಉಪ್ಪು. ತೊಟ್ಟಿಯಲ್ಲಿ ಕಲಿತದ್ದೆಲ್ಲ ಹಾರಿಹೋಯಿತು. ಎದ್ದು ನಿಂತೆ. ಮಗಳು ಬಂದು ನೋಡಿದಳು. ಹಣೆಯ ಹತ್ತಿರ ಒಂದು ಎಳೆ ಕೂದಲು ಮಾಸ್ಕ್ ಅಂಚಿಗೆ ಸಿಕ್ಕಿಕೊಂಡಿತ್ತು. ಅಷ್ಟು ಸಾಕು ನೀರು ಒಳಗೆ ಬರಲು. ಕೂದಲೆಲ್ಲ ಹಿಂದಕ್ಕೆ ಬಾಚಿ ಬಟ್ಟೆ ಕಟ್ಟಿದಳು. ನಾನು ಕಣ್ಣು ಮುಚ್ಚಿ ನಿಂತು ಉಸಿರು ಹೊರಗೆ ಬಿಟ್ಟೆ, ಉದ್ದಕ್ಕೆ, ಐದು ಸಲ. ಮತ್ತೆ ಬೋರಲಾದೆ.

ಈ ಸಲ ನನ್ನ ಉಸಿರೇ ನನಗೆ ಕೇಳಿಸಿತು. ಕೆಳಗೆ ಹವಳ.

ನಾನು ಹವಳ ಎಂದರೆ ಕೆಂಪು ಎಂದುಕೊಂಡಿದ್ದೆ. ನಮ್ಮ ಅಜ್ಜಿಯ ಸರದಲ್ಲಿ ಇದ್ದದ್ದು, ಕುಜನಿಗೆ ಉಂಗುರದಲ್ಲಿ ಹಾಕುವುದು. ಅದು ಬೇರೆ ಜಾತಿ, ಮೆಡಿಟರೇನಿಯನ್ ಕಡೆಯ ಸಮುದ್ರದಿಂದ ಬರುವಂಥದ್ದು. ಇಲ್ಲಿ ಕಂದು, ತಿಳಿಹಸಿರು, ಅಲ್ಲಲ್ಲಿ ತುದಿಗೆ ನೇರಳೆ. ಕೆಲವು ಜಿಂಕೆಯ ಕೊಂಬಿನ ಹಾಗೆ, ಕೆಲವು ರುಬ್ಬುವ ಕಲ್ಲಿನಷ್ಟು ಗುಂಡಗೆ. ನೋಡಲು ಗಿಡ ಅಥವಾ ಕಲ್ಲು, ಆದರೆ ಇದು ಪ್ರಾಣಿ. ಸಾವಿರಾರು ಸಣ್ಣ ಸಣ್ಣ ಜೀವಗಳು ಸೇರಿ ಸುಣ್ಣದ ಮನೆ ಕಟ್ಟಿಕೊಂಡಿರುತ್ತವೆ. ಅವುಗಳ ಮೈಯೊಳಗೆ ಪಾಚಿ ಇರುತ್ತದೆ. ಬಿಸಿಲಿನಲ್ಲಿ ಅಡುಗೆ ಮಾಡಿ ಬಡಿಸುವುದು ಆ ಪಾಚಿ, ಬಣ್ಣ ಕೊಡುವುದೂ ಅದೇ. ನೀರು ಜಾಸ್ತಿ ಬಿಸಿಯಾದರೆ ಹವಳ ಆ ಪಾಚಿಯನ್ನು ಹೊರಗೆ ಹಾಕುತ್ತದೆ, ಬೆಳ್ಳಗಾಗುತ್ತದೆ, ಬಿಸಿ ಇಳಿಯದಿದ್ದರೆ ಸಾಯುತ್ತದೆ. ಅಂಡಮಾನಿನಲ್ಲಿ 2010ರಲ್ಲಿ, 2016ರಲ್ಲಿ ಹಾಗಾಗಿದೆ. ಸತ್ತ ಬೂದು ಹವಳ ನಾನೂ ಬೇಕಾದಷ್ಟು ನೋಡಿದೆ. ಸಂಕಟವಾಯಿತು. ಗುಂಡನೆಯ ಹವಳ ವರ್ಷಕ್ಕೆ ಒಂದು ಸೆಂಟಿಮೀಟರಿನ ಆಸುಪಾಸು ಬೆಳೆಯುತ್ತದೆ. ರುಬ್ಬುವ ಕಲ್ಲಿನಷ್ಟು ಆಗಲು ಎಷ್ಟು ವರ್ಷ ಬೇಕು, ಲೆಕ್ಕ ಹಾಕಿ.

ಅದಕ್ಕೇ ನನಗೆ ಸಿಟ್ಟು ಬಂದದ್ದು. ನಮ್ಮ ಪಕ್ಕದ ಗುಂಪಿನ ಒಬ್ಬರು ಸುಸ್ತಾಗಿ ಹವಳದ ಮೇಲೆಯೇ ಕಾಲೂರಿ ನಿಂತರು. ಅವರ ಗೈಡ್ ಏನೂ ಹೇಳಲಿಲ್ಲ, ವಿಡಿಯೊಗೆ ಮೀನು ಸೇರಲಿ ಎಂದು ಬಿಸ್ಕತ್ತು ಪುಡಿ ಮಾಡಿ ಹಾಕುತ್ತಿದ್ದರು. ನಾನು ತಲೆ ಎತ್ತಿ ಬೇಡ ಎಂದೆ. ದಡಕ್ಕೆ ಬಂದ ಮೇಲೂ ಹೇಳಿದೆ. ಕಾಲೂರಬೇಕು ಅನ್ನಿಸಿದರೆ ರಿಂಗ್ ಹಿಡಿದು ಬೆನ್ನ ಮೇಲೆ ತಿರುಗಿ ತೇಲಿ, ಸುಧಾರಿಸಿಕೊಳ್ಳಿ. ನೀರಿನೊಳಗೆ ಎಲ್ಲವೂ ಮೂರನೇ ಒಂದು ಭಾಗ ದೊಡ್ಡದಾಗಿ, ಹತ್ತಿರದಲ್ಲಿ ಇದ್ದಂತೆ ಕಾಣುತ್ತದೆ, ಹಾಗಾಗಿ ಕೈ ಚಾಚುವ ಆಸೆ ಬರುತ್ತದೆ. ಕೈಗಳನ್ನು ಎದೆಗೆ ಕಟ್ಟಿಕೊಂಡರೆ ಆಯಿತು. ಸನ್‌ಸ್ಕ್ರೀನ್ ಬದಲು ನಾನು ತುಂಬುತೋಳಿನ ಈಜುಡುಪು, ಕಾಲಿಗೆ ಲೆಗ್ಗಿಂಗ್ಸ್ ಹಾಕಿದ್ದೆ. ಕೆಲವು ಕ್ರೀಮುಗಳಲ್ಲಿರುವ ಆಕ್ಸಿಬೆನ್ಝೋನ್ ಹವಳಕ್ಕೆ ಕೆಟ್ಟದ್ದು ಎಂದು ಹವಾಯಿಯಲ್ಲಿ ಅವುಗಳ ಮಾರಾಟವನ್ನೇ ನಿಲ್ಲಿಸಿದ್ದಾರೆ. ಬೋರಲು ಮಲಗಿದಾಗ ಸುಡುವುದು ಮೊಣಕಾಲ ಹಿಂಭಾಗ, ಅದನ್ನು ಮರೆಯಬೇಡಿ. ಹವಳದ ಚೂರು ತರಬೇಕು ಎಂದು ನಾದಿನಿ ಹೇಳಿ ಕಳಿಸಿದ್ದಳು. ತರಲಿಲ್ಲ. ನಮ್ಮ ವನ್ಯಜೀವಿ ಕಾಯ್ದೆಯಲ್ಲಿ ಹವಳಕ್ಕೆ ಹುಲಿಗೆ ಇರುವಂಥದ್ದೇ ರಕ್ಷಣೆ ಇದೆ.

ಮೊದಲ ದಿನದ ಸುತ್ತು ಹದಿನೈದು ನಿಮಿಷಕ್ಕೆ ಮುಗಿಯಿತು. ಗೈಡ್ ರಿಂಗ್ ಎಳೆದುಕೊಂಡು ಬೇಗ ಬೇಗ ತೋರಿಸಿದರು. ರಾತ್ರಿ ನಿದ್ದೆ ಬರಲಿಲ್ಲ. ಏನೋ ಪೂರ್ತಿ ನೋಡಲಿಲ್ಲ ಅನ್ನಿಸುತ್ತಿತ್ತು. ಆಗ ಹಳೇಬೀಡು ನೆನಪಾಯಿತು. ಅಲ್ಲಿಯೂ ಗೋಡೆಯ ಸುತ್ತ ಓಡಿ ಬಂದರೆ ಏನೂ ಕಾಣುವುದಿಲ್ಲ. ಒಂದೇ ಕಡೆ ನಿಂತು ಕೆಳಗಿನ ಆನೆಯ ಸಾಲಿನಿಂದ ಶುರು ಮಾಡಬೇಕು. ಆಮೇಲೆ ಸಿಂಹ, ಬಳ್ಳಿ, ಕುದುರೆ, ಮಕರ, ಹಂಸ. ನೋಡಿದಷ್ಟೂ ಬಿಚ್ಚಿಕೊಳ್ಳುತ್ತದೆ.

ಮರುದಿನ ಜಾಸ್ತಿ ದುಡ್ಡು ಕೊಟ್ಟು ಮುಕ್ಕಾಲು ಗಂಟೆಯ ಸುತ್ತು ತೆಗೆದುಕೊಂಡೆವು. ಗೈಡ್ ಹುಡುಗನಿಗೆ ಮೊದಲೇ ಹೇಳಿದೆ, ಎಲ್ಲೂ ಎಳೆದುಕೊಂಡು ಹೋಗಬೇಡಪ್ಪ, ಒಳ್ಳೆಯ ಒಂದು ಹವಳದ ದಿಬ್ಬದ ಮೇಲೆ ನಿಲ್ಲಿಸು ಸಾಕು. ಅವನು ಹಾಗೇ ಮಾಡಿದ. ಮೊದಲ ಐದು ನಿಮಿಷ ಪಟ್ಟೆ ಮೀನುಗಳು ಮಾತ್ರ. ನಾನು ಅಲುಗಾಡದೆ ಉಸಿರು ಬಿಡುತ್ತಾ ಇದ್ದೆ. ಆಮೇಲೆ ಒಂದೊಂದೇ ಹೊರಗೆ ಬಂದವು. ಹಸಿರು ನೀಲಿಯ ಗಿಳಿಮೀನು ಹವಳವನ್ನು ಕೆರೆಯುವ ಸದ್ದು ಕಿವಿಗೆ ಕೇಳಿಸಿತು, ಕಟ್ ಕಟ್ ಎಂದು. ಅದು ತಿಂದ ಸುಣ್ಣ ಮರಳಾಗಿ ಹೊರಗೆ ಬೀಳುತ್ತದೆ. ನಾವು ನಡೆದ ಬಿಳಿ ಮರಳಿನಲ್ಲಿ ಅದರದ್ದೂ ಪಾಲಿದೆ. ಸಂದಿಯಲ್ಲಿ ದೊಡ್ಡ ಕಪ್ಪೆಚಿಪ್ಪೊಂದು ನೀಲಿ ತುಟಿ ತೆರೆದುಕೊಂಡಿತ್ತು, ನನ್ನ ನೆರಳು ಬಿದ್ದಾಗ ಮುದುರಿಕೊಂಡಿತು. ಅದರ ಪಕ್ಕ ಕುಚ್ಚಿನ ಹಾಗೆ ಬಳುಕುವ ಸಮುದ್ರ ಹೂವಿನಲ್ಲಿ (ಸೀ ಅನಿಮೋನ್, ಹೆಸರು ಹೂವಾದರೂ ಇದೂ ಪ್ರಾಣಿಯೇ) ಕೇಸರಿ ಬಣ್ಣದ ಎರಡು ಕ್ಲೌನ್ ಮೀನು. ದೊಡ್ಡದು ಹೆಣ್ಣು. ಅವು ಹುಟ್ಟುವಾಗ ಎಲ್ಲ ಗಂಡೇ ಅಂತೆ, ಗುಂಪಿನ ಹೆಣ್ಣು ಸತ್ತರೆ ದೊಡ್ಡ ಗಂಡು ಹೆಣ್ಣಾಗಿ ಬದಲಾಗುತ್ತದೆ. ಆ ದೊಡ್ಡದು ಮೇಲಕ್ಕೆ ಬಂದು, ನನ್ನ ಮಾಸ್ಕಿನ ಎದುರು ನಿಂತು, ಮತ್ತೆ ಒಳಗೆ ಓಡಿತು. ಮತ್ತೆ ಬಂತು.

ಬೋಟಿನಿಂದ ಸೀಟಿ ಊದಿದರು. ಗೈಡ್ ಹುಡುಗ ನನ್ನ ಭುಜ ತಟ್ಟಿದ. ಇನ್ನೆರಡು ನಿಮಿಷ ಎಂದು ಎರಡು ಬೆರಳು ತೋರಿಸಿ, ಮುಖ ಮತ್ತೆ ನೀರಿಗಿಟ್ಟೆ.