ಉಪ್ಪಿನ ಪೊಟ್ಟಣದ ಮೇಲೆ ತಾರೀಖು ಬರೆದಿಡಿ

ಅಂಗಡಿಯಿಂದ ಹೊಸ ಉಪ್ಪಿನ ಪೊಟ್ಟಣ ಬಂದ ದಿನವೇ ನಮ್ಮ ಮನೆಯಲ್ಲಿ ಅದರ ಮೇಲೆ ಪೆನ್ನಿನಲ್ಲಿ ತಾರೀಖು ಬರೆದಿಡುತ್ತೇವೆ. ನಮ್ಮ ಯಜಮಾನರಿಗೆ ಬಿಪಿ 160 ದಾಟಿದಾಗ ಹಿಡಿದ ಅಭ್ಯಾಸ ಇದು. ಉಪ್ಪು ಕಡಿಮೆ ಮಾಡಿ ಅಂದರು ಡಾಕ್ಟರು. ಹತ್ತಾರು ವರ್ಷ ಕೈಯಳತೆಯಲ್ಲೇ ಅಡುಗೆ ಮಾಡಿದವಳಿಗೆ ಎಷ್ಟು ಹಾಕುತ್ತಿದ್ದೇನೆ ಅನ್ನುವುದೇ ಗೊತ್ತಿರಲಿಲ್ಲ, ಇನ್ನು ಕಡಿಮೆ ಮಾಡುವುದೆಲ್ಲಿ ಬಂತು!

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ ದಿನಕ್ಕೆ 5 ಗ್ರಾಮಿನೊಳಗೇ ಉಪ್ಪು ಸಾಕು, ಹೆಚ್ಚುಕಡಿಮೆ ಒಂದು ಟೀ ಚಮಚ. ನಾಲ್ಕು ಜನರ ಮನೆಗೆ ತಿಂಗಳಿಗೆ 600 ಗ್ರಾಂ. ಅಂದರೆ ಒಂದು ಕೆಜಿ ಪೊಟ್ಟಣ 50 ದಿನ ಬರಬೇಕು. ನಮ್ಮ ಮನೆಯಲ್ಲಿ ಮೊದಲ ಸಲ ನೋಡಿದಾಗ 27ನೇ ದಿನಕ್ಕೇ ಖಾಲಿ. ಉಪ್ಪಿನಕಾಯಿ, ಹಪ್ಪಳ, ಬೇಕರಿಯ ಖಾರ ಬೂಂದಿ ಈ ಲೆಕ್ಕಕ್ಕೆ ಸೇರಿರಲೇ ಇಲ್ಲ.

ಒಂದೇ ದಿನಕ್ಕೆ ಅರ್ಧಕ್ಕಿಳಿಸಿದರೆ ಮನೆಯವರು ತಟ್ಟೆ ಬಿಟ್ಟು ಏಳುತ್ತಾರೆ. ವಾರವಾರವೂ ಚೂರು ಚೂರೇ ಇಳಿಸಿ, ಕೆಲವು ವಾರದಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ. ಅನ್ನ, ರೊಟ್ಟಿ, ಮುದ್ದೆಗೆ ಉಪ್ಪು ಹಾಕುವುದನ್ನು ಮೊದಲು ನಿಲ್ಲಿಸಿ. ಎಲೆಯ ತುದಿಗೆ ಉಪ್ಪು ಬಡಿಸುವುದು ಮದುವೆಮನೆಗಿರಲಿ. ಮಜ್ಜಿಗೆಗೆ ಉಪ್ಪಿನ ಬದಲು ಜೀರಿಗೆ, ಶುಂಠಿ, ಕರಿಬೇವು ಜಜ್ಜಿ ಹಾಕಿ. ಸಾರು ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಿದರೆ ಉಪ್ಪು ಕಡಿಮೆಯಾಗಿದ್ದು ಗೊತ್ತೇ ಆಗುವುದಿಲ್ಲ. ಸೋಡಿಯಂ ಕಡಿಮೆ ಅಂತ ಮಾರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ತೊಂದರೆ ಇರುವವರು, ಕೆಲವು ಬಿಪಿ ಮಾತ್ರೆ ನುಂಗುವವರು ಡಾಕ್ಟರನ್ನು ಕೇಳದೆ ಅದನ್ನು ಮುಟ್ಟಬೇಡಿ.

ಇನ್ನು ಮುದ್ದೆಯ ಮಾತು. ನಾನು ಮಂಡ್ಯ ಕಡೆಯವಳು, ಹಿಟ್ಟಂ ತಿಂದಂ ಬೆಟ್ಟಂ ಕಿತ್ತಿಟ್ಟಂ ಅನ್ನುವುದನ್ನು ಕೇಳಿಕೊಂಡೇ ಬೆಳೆದವಳು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಹೆಚ್ಚು ಕ್ಯಾಲ್ಸಿಯಂ ಇದೆ, ನಾರೂ ಇದೆ. ಆದರೆ ಸಕ್ಕರೆ ಕಾಯಿಲೆಗೆ ಮುದ್ದೆಯೇ ಮದ್ದು ಅಂದುಕೊಂಡು ತೆಂಗಿನಕಾಯಿ ಗಾತ್ರದ್ದು ಎರಡು ಉಣ್ಣುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ರಾಗಿಯಲ್ಲೂ ಪಿಷ್ಟವೇ ಜಾಸ್ತಿ. ನಮ್ಮಪ್ಪ ಬೆಳಗಾಗುವ ಮುಂಚೆ ನೇಗಿಲು ಹೊತ್ತು ಹೋದವರು, ಮಧ್ಯಾಹ್ನ ಅಂಥ ಮುದ್ದೆ ಅವರಿಗೆ ದಕ್ಕುತ್ತಿತ್ತು. ಕುರ್ಚಿಯಲ್ಲಿ ಕೂತು ದುಡಿಯುವ ನನ್ನ ಮಗನಿಗೆ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು ಕಟ್ಟುತ್ತೇನೆ. ತಟ್ಟೆಯಲ್ಲಿ ಉಳಿದ ಜಾಗಕ್ಕೆ ಮೊಳಕೆ ಹುರುಳಿ ಸಾರು, ದಂಟಿನ ಸೊಪ್ಪಿನ ಪಲ್ಯ. ಬಸ್ಸಾರು ಮಾಡುವಾಗ ಕಾಳು, ಸೊಪ್ಪು ಬಸಿದ ಕಟ್ಟನ್ನು ಚೆಲ್ಲಬೇಡಿ, ಸೊಪ್ಪಿನ ಸತ್ವ ಅದಕ್ಕೇ ಇಳಿದಿರುತ್ತದೆ.

ಎಣ್ಣೆಗೂ ಇದೇ ಲೆಕ್ಕ. ತಲೆಗೆ ತಿಂಗಳಿಗೆ ಅರ್ಧ ಲೀಟರಿನಂತೆ ಒಂದನೇ ತಾರೀಖು ಅಳೆದಿಟ್ಟು, ಅಷ್ಟರಲ್ಲೇ ಸಂಭಾಳಿಸುತ್ತೇನೆ. ಬೋಂಡ ಕರಿದ ಎಣ್ಣೆಯನ್ನು ಮತ್ತೆ ಕರಿಯಲು ಇಡುವುದಿಲ್ಲ.

ರಾತ್ರಿ ಊಟ ಏಳೂವರೆಗೆ. ಟಿವಿ ಮುಂದೆ ತಟ್ಟೆ ಹಿಡಿದರೆ ಹೊಟ್ಟೆ ತುಂಬಿದ್ದು ತಿಳಿಯುವುದಿಲ್ಲ, ಅದಕ್ಕೇ ಎಲ್ಲರೂ ನೆಲದ ಮೇಲೆ ಸಾಲಾಗಿ ಕೂರುತ್ತೇವೆ. ಕೂತೇಳುವುದಕ್ಕೆ ಮೊಣಕಾಲು ಬಿಡದಿದ್ದರೆ ಮೇಜಿನ ಹತ್ತಿರ ಕೂತರೂ ಆಯಿತು. ಊಟವಾದ ಮೇಲೆ ಕಾಲು ಗಂಟೆ ನಿಧಾನವಾಗಿ ನಡೆದರೆ ರಕ್ತದಲ್ಲಿ ಸಕ್ಕರೆ ಒಮ್ಮೆಲೇ ಏರುವುದು ತಗ್ಗುತ್ತದೆ.

ಮಾತ್ರೆಯನ್ನು ಮಾತ್ರ ನಮ್ಮ ಯಜಮಾನರು ಬಿಟ್ಟಿಲ್ಲ, ಬಿಡಲು ನಾನೂ ಬಿಟ್ಟಿಲ್ಲ. ಅದರ ಪ್ರಮಾಣ ಇಳಿಸಿದ್ದು ಡಾಕ್ಟರೇ, ಉಪ್ಪಿನ ಪೊಟ್ಟಣ 48 ದಿನ ಬಂದ ವರ್ಷ. ಈಗ ತಾರೀಖು ಬರೆಯುವವರೂ ಯಜಮಾನರೇ. ಊಟ ಮುಗಿಸಿ ಬೀದಿಕೊನೆಯ ಅರಳಿಕಟ್ಟೆವರೆಗೂ ಹೋಗಿ ಬರುತ್ತಾರೆ, ನಾನೂ ಜೊತೆಗಿರುತ್ತೇನೆ.